ಒರೆಸದೆ ಉಳಿಸಿದ ಪಾದಗಳು

ಬೆಳಗಿನ ಐದೂವರೆ. ಶೂಟಿಂಗ್ ರೇಂಜಿನ ಬಾಗಿಲು ತೆರೆದ, ಅಲ್ಲಿ ನೆಲ ಒರೆಸುವ ಅಕ್ಕ ಬಕೆಟ್ ಪಕ್ಕಕ್ಕಿಟ್ಟು ನೆಲಕ್ಕೇ ಕೂರುತ್ತಾರೆ. ಉದ್ದ ಕೋಲಿನ ಮಾಪು ಮೂಲೆಯಲ್ಲಿದೆ, ಅದನ್ನವರು ಮುಟ್ಟುವುದಿಲ್ಲ. ಒದ್ದೆ ಬಟ್ಟೆಯನ್ನು ಎರಡು ಬೆರಳಿಗೆ ಸುತ್ತಿಕೊಂಡು ಒರೆಸುತ್ತಾ ಹೋಗುತ್ತಾರೆ. ಏಕೆಂದರೆ ನೆಲದ ತುಂಬಾ ಸೀಮೆಸುಣ್ಣದ ಪಾದಗಳು. ಏರ್ ಪಿಸ್ತೂಲು ಹಿಡಿಯುವ ಹನ್ನೆರಡು ಜನ ತಾವು ನಿಲ್ಲುವ ಜಾಗಕ್ಕೆ ಎಳೆದುಕೊಂಡ ಗೆರೆಗಳವು. ಇಪ್ಪತ್ನಾಲ್ಕರಲ್ಲಿ ಒಂದೂ ಅಳಿಸಬಾರದು.

"ಸೇರಿದ ಮೊದಲ್ನೇ ದಿನ ಎಲ್ಲಾನೂ ತಿಕ್ಕಿ ತೊಳೆದುಬಿಟ್ಟಿದ್ದೆ" ಎಂದು ನಗುತ್ತಾರೆ. "ನೆಲ ಕನ್ನಡಿ ಆಗಿತ್ತು. ಶಹಬ್ಬಾಸ್ ಅಂತಾರೇನೋ ಅಂತ ನಿಂತಿದ್ರೆ, ಕೋಚ್ ಸಾಹೇಬ್ರು ಸರಿಯಾಗಿ ಮಂಗಳಾರತಿ ಮಾಡಿದ್ರು!"

ಅದಾಗಿ ಹದಿನೇಳು ವರ್ಷ. ಮಂಡಿ ಸವೆದಿದೆ. ಗಂಡ ಹಾಸಿಗೆ ಹಿಡಿದ ಮೇಲೆ ಮನೆಯ ಭಾರವೆಲ್ಲ ಇವರದೇ. ಇಲ್ಲಿ ಮುಗಿಸಿ ಇನ್ನೆರಡು ಆಫೀಸು ಗುಡಿಸಬೇಕು. ಆದರೆ ಪಾದಗಳ ಸುತ್ತ ಒರೆಸುತ್ತಾ ಒರೆಸುತ್ತಾ ಅಕ್ಕನಿಗೆ ಒಂದು ವಿದ್ಯೆ ಕೈಗೆ ಹತ್ತಿದೆ. ಗುಂಡು ಗುರಿಯ ನಡುವೆ ಬೀಳುವವರ ಪಾದ ತಿಂಗಳಾದರೂ ಕದಲುವುದಿಲ್ಲ. ಗುಂಡು ಚೆಲ್ಲಾಪಿಲ್ಲಿಯಾದವರ ಗೆರೆ ದಿನಕ್ಕೊಂದು ಕಡೆ ಇರುತ್ತದೆ.

ಕಳೆದ ತಿಂಗಳು ಈ ವಿದ್ಯೆ ಬೇಕಾಯಿತು. ಡ್ಯೂಟಿಗೆ ಮುಂಚೆ ಬಂದು ಅಭ್ಯಾಸ ಮಾಡುವ ಬಸ್ ಕಂಡಕ್ಟರ್ ಒಬ್ಬಾಕೆಗೆ ಭಾನುವಾರ ತಂಡದ ಆಯ್ಕೆ. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಗುರುವಾರದಿಂದ ಗುಂಡುಗಳೆಲ್ಲ ಬಲಕ್ಕೇ. ಮಣಿಕಟ್ಟು ಗಟ್ಟಿ ಮಾಡು ಎಂದು ಕೋಚ್ ಹೇಳಿ ಹೇಳಿ ಸುಸ್ತಾಗಿದ್ದರು. ಶನಿವಾರ ಆಕೆ ಪಿಸ್ತೂಲು ಕೆಳಗಿಟ್ಟು ಅಳುತ್ತಾ ಕೂತುಬಿಟ್ಟಳು.

ಅಕ್ಕನಿಗೆ ತಡೆಯಲಾಗಲಿಲ್ಲ. "ಕಂಡಕ್ಟ್ರಮ್ಮ, ಗುರುವಾರ ಹೊಸ ಶೂ ಹಾಕ್ಕೊಂಡು ಬಂದ್ರಲ್ಲ, ಅವತ್ತು ಗೆರೆ ಹೊಸದಾಗಿ ಎಳೆದ್ರಿ. ಮೊದಲು ನಿಮ್ಮ ಹಿಂದಿನ ಕಾಲಿನ ಹಿಮ್ಮಡಿ ಈ ನೆಲದ ಬಿರುಕಿಗೆ ತಾಗ್ತಿತ್ತು. ಈಗ ನೋಡಿ, ಎರಡು ಬೆರಳು ದೂರ ಐತೆ."

ಕೋಚ್ ಹುಬ್ಬೇರಿಸಿದರು. ಪಿಸ್ತೂಲು ಹಿಡಿದು ಕಣ್ಣು ಮುಚ್ಚಿ ಕೈ ಎತ್ತು, ಈಗ ಕಣ್ಣು ಬಿಡು ಎಂದು ಆಕೆಗೆ ಹೇಳಿದರು. ಪಿಸ್ತೂಲಿನ ಮೂತಿ ಪಕ್ಕದವರ ಗುರಿಯ ಕಡೆ ನೆಟ್ಟಿತ್ತು! ಮೈ ತಿರುಗಿದ ದಿಕ್ಕಿಗೇ ಕೈ ಹೋಗುತ್ತದೆ. ಅದನ್ನು ಬಲವಂತವಾಗಿ ಎಳೆದು ತಂದರೂ, ದಣಿದಾಗ ಮತ್ತೆ ಅಲ್ಲಿಗೇ ಜಾರುತ್ತದೆ. ಆಕೆ ಹಿಮ್ಮಡಿಯನ್ನು ಬಿರುಕಿಗೆ ತಾಗಿಸಿ, ಮತ್ತೆ ಕಣ್ಣು ಮುಚ್ಚಿ ತೆರೆದಳು. ಮೂತಿ ನೇರ ತನ್ನ ಗುರಿಗೇ ನಿಂತಿತ್ತು. ಐದು ಗುಂಡಿನಲ್ಲಿ ನಾಲ್ಕು ನಡುವಿಗೇ ಬಿದ್ದವು.

"ನಾನೇನು ಮಾಡ್ದೆ? ನೆಲ ನೋಡ್ದೆ ಅಷ್ಟೇ. ನನ್ನ ಕೆಲಸಾನೇ ಅದು" ಎನ್ನುತ್ತಾರೆ ಅಕ್ಕ. ಕಂಡಕ್ಟರ್ ತಂಡಕ್ಕೆ ಆಯ್ಕೆಯಾದ ಸುದ್ದಿ ಹೇಳುವಾಗ ಮಾತ್ರ ಅವರ ಕಣ್ಣು ತುಂಬುತ್ತದೆ.

ಬಟ್ಟೆ ಹಿಂಡಿ ಅಕ್ಕ ಕೊನೆಯ ಮೂಲೆಗೆ ಬರುತ್ತಾರೆ. ಅಲ್ಲಿ ಇನ್ನೊಂದು ಜೊತೆ ಪಾದಗಳಿವೆ. ಶೂ ಅಲ್ಲ, ಬರಿಗಾಲು, ಐದೈದು ಬೆರಳೂ ಬಿಡಿಬಿಡಿಯಾಗಿ. ಆಯ್ಕೆಯ ಮರುದಿನ ಕಂಡಕ್ಟರಮ್ಮ ಅಕ್ಕನನ್ನು ಹಿಡಿದು ನಿಲ್ಲಿಸಿ, ಮಂಡಿಯೂರಿ ಬರೆದುಕೊಟ್ಟ ಗೆರೆ. ಅಕ್ಕ ಅದರ ಸುತ್ತಲೂ ಅಷ್ಟೇ ಜೋಪಾನವಾಗಿ ಒರೆಸುತ್ತಾರೆ.

ಏನಾದರೂ ಆಸೆ ಇದೆಯಾ ಎಂದರೆ ನಾಚಿಕೊಂಡು ಗೋಡೆ ನೋಡುತ್ತಾರೆ.

"ಒಂದೇ ಒಂದು ಗುಂಡು ಹೊಡೀಬೇಕು ಅಂತ. ಎಲ್ಲಿಗಾದ್ರೂ ಬೀಳಲಿ ಬಿಡಿ. ಕಾಲಂತೂ ಸರಿಯಾಗಿ ಇಟ್ಟಿರ್ತೀನಿ."