ಬನದ ದಾರಿ ಬರೆದ ಸುದ್ದಿಗಾರ

ಮೂಡುಬಿದಿರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಸಂಪತ್‌ಕುಮಾರರಿಗೆ ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಕೊಡಲಿ ಪೆಟ್ಟು ಕೇಳುತ್ತಿತ್ತು. ಬಟ್ಟೆ ಅಳೆಯುವ ಕೈ ಅಲ್ಲೇ ನಿಲ್ಲುವುದು.

"ಎಲ್ಲಿ ಮಾರಾಯ್ತಿ ಮರ ಕಡಿಯುವುದು?"

"ಎಲ್ಲಿಯೂ ಇಲ್ಲ. ನಿಮಗೊಬ್ಬರಿಗೆ ಕೇಳುವುದು ಅದು," ಅನ್ನುವರು ಹೆಂಡತಿ ತ್ರಿಶಲಾ.

ಶುರುವಾದದ್ದು ಎಪ್ಪತ್ತಾರರಲ್ಲಿ. ಅಂಗಡಿಯ ಜೊತೆಗೆ ಅವರು ಮಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿಗಾರರು. ಬರೆದದ್ದನ್ನು ಮಂಗಳೂರು ಬಸ್ಸಿನ ಕಂಡಕ್ಟರ್ ಬಾವಾನ ಕೈಗೆ ಕೊಟ್ಟರೆ ಸಂಜೆಯೊಳಗೆ ಕಚೇರಿಗೆ ಮುಟ್ಟುತ್ತಿತ್ತು. ಆ ವರ್ಷ ಬೆಳ್ತಂಗಡಿ ಕಡೆಯ ಒಂದು ನಾಗಬನದ ಬಗ್ಗೆ, ನಾಗನ ಹೆಸರಿನಲ್ಲಿ ಕೊಡಲಿ ಮುಟ್ಟಿಸದೆ ಬಿಟ್ಟ ಕಾಡಿನ ತುಂಡಿನ ಬಗ್ಗೆ, ಬರೆದರು. ತೋಳ ತೆಕ್ಕೆಗೆ ಸಿಗದ ಬೋಗಿ ಮರಗಳು, ಬುಡದಲ್ಲಿ ಬೇಸಿಗೆಗೂ ಬತ್ತದ ಒರತೆ. ಹೋಗುವ ದಾರಿಯನ್ನೂ ಬಿಡಿಸಿ ಬರೆದರು. ಜನ ಕಣ್ಣಾರೆ ಕಂಡರೆ ಉಳಿಸಿಯಾರು ಎಂಬ ಆಸೆ.

ಮೊದಲು ಹೋದವನು ಮರದ ವ್ಯಾಪಾರಿ. ಪೇಪರಿನ ತುಂಡು ಕಿಸೆಯಲ್ಲೇ ಇತ್ತಂತೆ. ಮರ ಕೊಟ್ಟರೆ ನಾಗನಿಗೆ ಸಿಮೆಂಟಿನ ಕಟ್ಟೆ ಕಟ್ಟಿಸಿಕೊಡುತ್ತೇನೆಂದ. ಬನದ ಒಡೆತನದ ಮನೆಯವರು ಒಪ್ಪಿದರು. ಮರಗಳು ಹೋದ ಮೇಲೆ ಒರತೆಯೂ ಬತ್ತಿತು.

ಎಂಬತ್ತಮೂರರಲ್ಲಿ ಆ ಬನದ ಪಕ್ಕದ ಚನಿಯಪ್ಪ ಅಂಗಡಿಗೆ ಬಂದ.

"ಧಣಿ, ಹೊಳೆಯ ಆಚೆ ಇನ್ನೊಂದು ಬನ ಉಂಟು. ಅದೇ ವ್ಯಾಪಾರಿ ಮರಕ್ಕೆಲ್ಲ ಗುರುತು ಹಾಕಿದ್ದಾನೆ. ಪೇಪರಿಗೆ ಹಾಕಿ."

"ನಾನು ಬರೆದು ಆದದ್ದು ಸಾಕಾಗ್ಲಿಲ್ವಾ ನಿನಗೆ?"

"ಅವತ್ತು ನೀವು ಮರದ ದಾರಿ ಹೇಳಿದ್ದು. ಇವತ್ತು ಕಡಿಯುವವನ ಹೆಸರು ಹೇಳಿ. ನಮಗೆ ಕುಡಿಯುವ ನೀರು ಈಗ ಅಲ್ಲಿಂದಲೇ."

ಸಂಪತ್‌ಕುಮಾರರು ಊರಿನ ಹೆಸರು ಬಿಟ್ಟು ಬರೆದು ಕೊಟ್ಟರು. ಮರುದಿನ ಬಾವಾ ಲಕೋಟೆ ವಾಪಸು ತಂದ.

"ಊರಿಲ್ಲದ ಸುದ್ದಿ ಹಾಕುವುದಿಲ್ಲವಂತೆ ಸಂಪತಣ್ಣ. ಊರು ಮರೆತುಹೋಯ್ತಾ?"

"ಮರೆತಿದ್ದರೆ ಒಳ್ಳೆಯದಿತ್ತು."

ಬಸ್ಸಿನ ಮೆಟ್ಟಿಲಲ್ಲೇ ಹೆಸರು ಸೇರಿಸಿದರು. ಬಾವಾ ಎರಡು ಸಲ ಎಳೆದ ಮೇಲೆ ಲಕೋಟೆ ಅವರ ಕೈ ಬಿಟ್ಟಿತು.

ಸುದ್ದಿ ಬಂತು. ಹಿಂದೆಯೇ ಅಧಿಕಾರಿಗಳ ಜೀಪು ಬಂತು, ಬನ ಉಳಿಯಿತು. ಚನಿಯಪ್ಪ ಎಳನೀರಿನ ಬೊಂಡ ತಂದುಕೊಟ್ಟು ಹೋದ.

ಸಂಪತ್‌ಕುಮಾರರಿಗೆ ಮಾತ್ರ ಇನ್ನು ಯಾರೂ ಕಡಿಯಲು ಬರುವುದಿಲ್ಲವೆಂಬ ನಂಬಿಕೆ ಬರಲಿಲ್ಲ. ಅಂಗಡಿಗೆ ರಜೆ ಇದ್ದಾಗಲೆಲ್ಲ ಬಸ್ಸು ಹತ್ತಿ ಹೋಗಿ ಬನದ ಬಾಯಿಯಲ್ಲಿ ಕೂರತೊಡಗಿದರು. ಒಮ್ಮೆ ಕಾಲೇಜಿನ ಹುಡುಗಿಯರು ಮೇಷ್ಟ್ರೊಂದಿಗೆ ಬಂದರು, ಗಿಡಗಳ ಹೆಸರು ಬರೆದುಕೊಳ್ಳಲು.

"ಪೇಪರಿನಲ್ಲಿ ಬಂದ ಬನ ಇದೇ ಅಲ್ವ?" ಮೇಷ್ಟ್ರು ಕೇಳಿದರು.

"ಈ ಕಡೆ ಬನ ಇಲ್ಲ," ಅಂದರು ಸಂಪತ್‌ಕುಮಾರರು. ಬೆನ್ನ ಹಿಂದೆ ಮರಗಳು ಆಕಾಶದವರೆಗೆ ನಿಂತಿದ್ದವು. ಅವರೆಲ್ಲ ತಿರುಗಿ ಹೋಗುವ ತನಕ ಕೈ ಅಗಲಿಸಿ ದಾರಿಗೆ ಅಡ್ಡ ನಿಂತೇ ಇದ್ದರು.