ಬೀಗದ ಮನೆಗಳ ಮುಂದಿನ ನಕ್ಷತ್ರ

ಅಂತೋಣಮ್ಮನಿಗೆ ಬರಬೇಕಾದ ಕೂಲಿ ಎರಡು ಸಾವಿರದ ಆರುನೂರ ನಲವತ್ತು ರೂಪಾಯಿ. ಬೀಗ ಹಾಕಿದ ಹನ್ನೊಂದು ಮನೆಗಳ ಮುಂದೆ ಇಪ್ಪತ್ತನಾಲ್ಕು ದಿನ ರಂಗೋಲಿ ಬಿಟ್ಟದ್ದಕ್ಕೆ, ಮನೆಗೆ ದಿನಕ್ಕೆ ಹತ್ತು ರೂಪಾಯಿಯಂತೆ. ಇವತ್ತಿಗೂ ಬಂದಿಲ್ಲ.

ಅಶೋಕಪುರಂನ ಒಂಟಿ ಕೋಣೆಯಿಂದ ಶ್ರೀರಾಂಪುರದ ಹೊಸ ಬಡಾವಣೆಗೆ ನಡೆದು ಬಂದು, ಮೂರು ಮನೆಯ ಪಾತ್ರೆ ತಿಕ್ಕಿ ಬದುಕುತ್ತಿದ್ದ ಹೆಂಗಸು. ಬೇಸಿಗೆ ರಜೆ ಶುರುವಾದಾಗ ಬಡಾವಣೆಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದರು. ಪಾರ್ಕಿನಲ್ಲಿ ಸಭೆ ಸೇರಿತು. ಕಾವಲು ಸಮಿತಿ ಆಯಿತು, ವಾಟ್ಸ್ಆ್ಯಪ್ ಗುಂಪು ಆಯಿತು, ಸರದಿಯ ಮೇಲೆ ಗಸ್ತು ತಿರುಗುವವರ ಪಟ್ಟಿಯೂ ಆಯಿತು. ಪಟ್ಟಿಯಲ್ಲಿದ್ದವರು ಎರಡನೇ ವಾರಕ್ಕೇ ಸೊಂಟನೋವು, ನೆಂಟರ ಮದುವೆ ಅಂತ ಜಾರಿಕೊಂಡರು. ಆಗ ಅಧ್ಯಕ್ಷ ವಾಗೀಶರಿಗೆ ಹೊಳೆಯಿತು: ರಂಗೋಲಿ ಇಲ್ಲದ ಬಾಗಿಲೇ ಕಳ್ಳನಿಗೆ ಕರೆಯೋಲೆ. ಊರಿಗೆ ಹೋದವರ ಮನೆ ಮುಂದೆಯೂ ದಿನಾ ರಂಗೋಲಿ ಬಿಡಿಸಿದರೆ ಒಳಗೆ ಜನ ಇದ್ದಾರೆ ಅಂದುಕೊಳ್ಳುತ್ತಾನೆ.

"ನಂಗೆ ಬರೋದು ಒಂದೇ ಸಾರ್," ಅಂದಳು ಅಂತೋಣಮ್ಮ. "ಕ್ರಿಸ್ಮಸ್‌ಗೆ ನಮ್ ಬಾಗ್ಲಲ್ಲಿ ಬಿಡೋ ನಕ್ಷತ್ರ. ಎಲ್ಲಾ ಕಡೆ ಅದೇ ಆಗೋಯ್ತದೆ."

"ಸ್ಪರ್ಧೆನೇನಮ್ಮ ಇದು? ನೆಲ ಬೆಳ್ಳಗೆ ಕಂಡ್ರೆ ಸಾಕು. ಅದನ್ನೇ ಹಾಕು."

ಹಾಕಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಬಳ್ಳಿ, ಕಮಲ, ಚುಕ್ಕಿ. ಬೀಗ ಬಿದ್ದ ಹನ್ನೊಂದರಲ್ಲೂ ಐದು ಮೂಲೆಯ ಒಂದೇ ನಕ್ಷತ್ರ. ಇಪ್ಪತ್ತೈದನೆಯ ದಿನ ಬೆಳಗ್ಗೆ ಅವಳು ಬರುವ ಹೊತ್ತಿಗೆ ನಕ್ಷತ್ರವಿದ್ದ ನಾಲ್ಕು ಮನೆಗಳ ಬೀಗ ಒಡೆದಿತ್ತು. ಬೇರೆ ಒಂದು ಮನೆಯನ್ನೂ ಕಳ್ಳ ಮುಟ್ಟಿರಲಿಲ್ಲ.

ಮಧ್ಯಾಹ್ನದೊಳಗೆ ಅವಳ ಆಧಾರ್ ಫೋಟೊ ಗುಂಪಿಗೆ ಬಿತ್ತು: "ಕಳ್ಳರಿಗೆ ಗುರುತು ಹಾಕಿಕೊಟ್ಟವಳು. ಎಚ್ಚರ." ಪಾತ್ರೆ ತಿಕ್ಕಿಸಿಕೊಳ್ಳುತ್ತಿದ್ದ ಮೂರು ಮನೆಯವರೂ ಗೇಟಿನಲ್ಲೇ ತಡೆದರು. ಠಾಣೆಯ ಬೆಂಚಿನ ಮೇಲೆ ಎರಡು ಹಗಲು ಕೂತಳು.

ಹನ್ನೆರಡು ದಿನಕ್ಕೆ ಕಳ್ಳ ಸಿಕ್ಕಿದ. "ನಂಗ್ಯಾರೂ ಹೇಳ್ಲಿಲ್ಲ ಸಾರ್," ಅಂದನಂತೆ ಪೊಲೀಸರಿಗೆ. "ನಾಕು ದಿನ ಓಡಾಡ್ದೆ. ನಕ್ಷತ್ರ ಇರೋ ಕಡೆ ಒಂದು ಬಟ್ಟೆನೂ ಒಣಗ್ತಿರ್ಲಿಲ್ಲ."

ಅಂತೋಣಮ್ಮ ವಾಗೀಶರ ಗೇಟಿಗೆ ಹೋದಳು. "ಕಳ್ಳ ಸಿಕ್ಕುದ್ನಲ್ಲ ಸಾರ್, ಫೋಟೊ ತೆಗ್ಸಿಬುಡಿ. ಕೂಲಿ ಆಮೇಲೆ ಕೊಡಿ. ಎಲ್ಲೋದ್ರೂ ಒಳಕ್ಕೆ ಸೇರಿಸ್ತಿಲ್ಲ."

"ಬೇರೆ ಬಡಾವಣೆಗೆಲ್ಲ ಫಾರ್ವರ್ಡ್ ಆಗ್ಬಿಟ್ಟಿದೆ ಕಣಮ್ಮ. ಈಗ ತೆಗೆದು ಏನು ಬಂತು? ಕೂಲಿ ವಿಷಯ ಸಮಿತಿ ತೀರ್ಮಾನಿಸ್ಬೇಕು."

"ಹಂಗಾದ್ರೆ 'ನಕ್ಷತ್ರನೇ ಹಾಕು ಅಂದೋನು ನಾನು' ಅಂತ ಆ ಗುಂಪಲ್ಲಿ ಬರೀರಿ. ಅಷ್ಟು ಬರುದ್ರೆ ಸಾಕು."

ವಾಗೀಶರು ಗೇಟಿನ ಚಿಲಕ ಹಾಕಿಕೊಂಡರು.

ಎರಡು ತಿಂಗಳ ಬಾಡಿಗೆ ನಿಂತಿದೆ. ಈ ತಿಂಗಳಾಚೆಗೆ ಕೋಣೆಯೂ ಇರುವುದಿಲ್ಲ. ಮೊನ್ನೆ ಲಕ್ಷ್ಮೀಪುರಂನಲ್ಲಿ ಕೆಲಸ ಕೇಳಿದಾಗ ಬಾಗಿಲು ತೆರೆದ ಹೆಂಗಸು ಮುಖ ನೋಡಿದಳು, ಮೊಬೈಲು ನೋಡಿದಳು, ಬಾಗಿಲು ಮುಚ್ಚಿದಳು. ಈಗ ಅಂತೋಣಮ್ಮ ಸೆರಗನ್ನು ಹಣೆವರೆಗೆ ಎಳೆದುಕೊಂಡು ಓಡಾಡುತ್ತಾಳೆ, ತಾನೇ ಕದ್ದವಳ ಹಾಗೆ.

ಆ ಫೋಟೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಅಳಿಸಿದರೆ ಸಾಲದು. ಯಾರ್ಯಾರಿಗೆ ಕಳಿಸಿದಿರೋ ಅವರಿಗೆಲ್ಲ ಇವತ್ತೇ ಬರೆಯಿರಿ: ಅಂತೋಣಮ್ಮ ಕದ್ದಿಲ್ಲ, ಗುರುತು ಹಾಕಿಸಿದ್ದು ಸಮಿತಿ. ಬರೆದಾದ ಮೇಲೆ ನಾಳೆ ಬೆಳಗ್ಗೆಯಿಂದ ನಿಮ್ಮ ಮನೆ ಕೆಲಸಕ್ಕೆ ಅವಳನ್ನೇ ಕರೆಯಿರಿ.