ಹಿತ್ತಾಳೆ ಕೊಳವೆಯ ಕಪ್ಪು ಕಲೆ

ನಿನ್ನೆ ಹೂವಿನ ಹಿಪ್ಪರಗಿಯಲ್ಲಿ ಗೆಳತಿ ಗೌರಿಯ ಮನೆಯೊಳಗೆ ಕಾಲಿಟ್ಟಾಗ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆಯೊಳಗಿನ ಹಳೆಯ ಕಿಚ್ಚು ಮತ್ತೆ ಎದ್ದಿತು.

ಅವಳಪ್ಪ ಸೈನಿಕ. ಯುದ್ಧ ಗೆದ್ದು ಬರುವಾಗ ತೋಪಿನ ಗುಂಡಿನ ಖಾಲಿ ಹಿತ್ತಾಳೆ ಕೊಳವೆಯೊಂದನ್ನು ತಂದಿದ್ದರು. ಮಹಾನವಮಿಯಂದು ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ನಮ್ಮ ದೇವರ ಜಗಲಿಯ ಮೇಲೆ ಕುಡಗೋಲು, ಅವರ ಜಗಲಿಯ ಮೇಲೆ ಆ ಕೊಳವೆ. ಮರುದಿನ ಬನ್ನಿ ಕೊಡಲು ಊರೆಲ್ಲ ಮೊದಲು ಅವರ ಮನೆಗೇ ಹೋಗುತ್ತಿತ್ತು. ನನ್ನಪ್ಪ ಕೂಡ!

ನಾವು ಸಣ್ಣವರಿದ್ದಾಗ ಒಂದು ವರ್ಷ ಅವಳವ್ವ, "ಇದನ್ನಷ್ಟ ತಿಕ್ಕಿ ಕೊಡವಾ" ಎಂದರು. ನಾನು ಹುಣಸೆಹಣ್ಣು ಮೆತ್ತಿ, ಬೇಕಂತಲೇ ತೊಳೆಯದೆ ಬಿಸಿಲಿಗಿಟ್ಟೆ. ಕಪ್ಪು ಕಲೆ ಕೂತಿತು. ಅವಳಪ್ಪ ನೋಡಿ ನಕ್ಕರು: "ಇರಲಿ ಬಿಡ್ರಿ, ರಣದಾಗ ಸಿಕ್ಕಾಗೂ ಹಿಂಗ ಇತ್ತು."

ನಿನ್ನೆ ಗೌರಿ ಮೊಮ್ಮಗನಿಗೆ ಅದೇ ಕಲೆ ತೋರಿಸುತ್ತಿದ್ದಳು. "ನೋಡಪಾ, ಇದು ಯುದ್ಧದಾಗ ಹತ್ತಿದ ಹೊಗಿ ಕಲಿ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ."

ಅದು ನನ್ನ ಕೈಕೆಲಸ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗ ಆ ಕಲೆಗೆ ಹಣೆ ಹಚ್ಚಿ ನಮಸ್ಕಾರ ಮಾಡಿಬಿಟ್ಟ.

ನನ್ನ ಹೊಟ್ಟೆಕಿಚ್ಚಿಗೂ ಪೂಜೆ ಸಿಕ್ಕಿದ್ದು ಅವರ ಮನೆಯಲ್ಲೇ ನೋಡಿ.